ಕೈಯಿಂದ ಕೈಗೆ ಬಂದ ಮರ: ನಮ್ಮ ಹಿತ್ತಲಿನ ಅಂಜೂರ

(ಸುಲೇಪೇಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಮೊದಲು ಮಕ್ಕಳಿಗೆ ಒಂದು ಮಾತು. ದತ್ತಿ ಅಂದರೆ ಏನು? ಹಿರಿಯರೊಬ್ಬರು ಒಂದಿಷ್ಟು ಹಣ ಇಡುತ್ತಾರೆ. ಅಸಲನ್ನು ಯಾರೂ ಮುಟ್ಟುವಂತಿಲ್ಲ. ವರ್ಷ ವರ್ಷ ಬರುವ ಬಡ್ಡಿಯಲ್ಲಿ ಇಂಥದೊಂದು ಸಭೆ ನಡೆಯುತ್ತದೆ. ಇಟ್ಟವರು ಇಲ್ಲವಾದ ಮೇಲೂ ಅವರು ಕೊಟ್ಟದ್ದು ಊರಿಗೆ ಬರುತ್ತಲೇ ಇರುತ್ತದೆ. ಇವತ್ತು ನಾನು ಹೇಳಲು ಬಂದಿರುವುದು ಇದೇ ಗುಣದ ಒಂದು ಮರದ ಬಗ್ಗೆ. ಅದರ ಬೊಡ್ಡೆ ಅಸಲಿನಂತೆ ನೆಲದಲ್ಲಿರುತ್ತದೆ. ವರ್ಷಕ್ಕೊಮ್ಮೆ ಟೊಂಗೆ ಸವರಿದರೆ ಹೊಸ ಚಿಗುರಿನಲ್ಲಿ ಹಣ್ಣು ಬರುತ್ತದೆ. ಸವರಿದ ಟೊಂಗೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರ ಮನೆಯಲ್ಲೂ ಅದೇ ಮರ ಹುಟ್ಟುತ್ತದೆ. ಅದು ಅಂಜೂರ.

ನಮ್ಮ ಮನೆಗೆ ಅಂಜೂರ ಬಂದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಬಹಳ ವರ್ಷಗಳ ಹಿಂದೆ ಒಂದು ನರ್ಸರಿಯಿಂದ ಸಸಿ ತಂದು ಹಿತ್ತಲಿನ ಎರೆಮಣ್ಣಿನಲ್ಲಿ ನೆಟ್ಟೆ. ಪ್ರೀತಿ ಹೆಚ್ಚಾಗಿ ದಿನಾ ಎರಡು ಹೊತ್ತು ನೀರು ಸುರಿದೆ. ಮಳೆಗಾಲ ಮುಗಿಯುವುದರೊಳಗೆ ಎಲೆ ಹಳದಿಯಾಗಿ ಉದುರಿ ಸಸಿ ಸತ್ತಿತು. ಕಿತ್ತು ನೋಡಿದರೆ ಬೇರು ಕೊಳೆತು ವಾಸನೆ ಬರುತ್ತಿತ್ತು. ನೆರೆಮನೆಯ ಖಾಲಾ ಅದನ್ನು ನೋಡಿ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ತಮ್ಮ ಅಂಗಳದ ಮರದ ಒಂದು ಕಡ್ಡಿಯನ್ನು ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ತಂದು ಕೈಗಿಟ್ಟರು. “ದಿನಾ ನೀರ ಹಾಕಬ್ಯಾಡಪ್ಪ ಇದಕ್ಕ. ಬ್ಯಾಕಾದಾಗ ಅದೇ ಎಲಿ ಜೋತು ಬಿಟ್ಟು ಕೇಳ್ತದ, ಆವಾಗ ಹಾಕು” ಅಂದರು. ಒಣಗಿದ ಕಟ್ಟಿಗೆಯಂತಿದ್ದ ಆ ಕಡ್ಡಿ ಇಂದು ನಮ್ಮ ಮನೆಯ ಮರ. ಅಂಜೂರದ ಬಗ್ಗೆ ನಾನು ಆಮೇಲೆ ಓದಿ ತಿಳಿದದ್ದೆಲ್ಲ ಖಾಲಾ ಅವರ ಆ ಒಂದು ಮಾತಿನ ಬೆನ್ನು ಹಿಡಿದೇ ಬಂದದ್ದು.

ಬಳಗ

ಅಂಜೂರ ನಮಗೆ ಹೊರಗಿನದು ಎಂಬ ಭಾವನೆ ಇದೆ. ಹೆಸರೇನೋ ಹೊರಗಿನದು. ಅಂಜೀರ್ ಎಂಬುದು ಪಾರ್ಸಿ ಮಾತು. 1347ರಲ್ಲಿ ಬಹಮನಿ ಅರಸರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ ಪಾರ್ಸಿ ಈ ಸೀಮೆಯಲ್ಲಿ ಆಡಳಿತದ ಭಾಷೆಯಾಯಿತು. ಅಂದಿನಿಂದ ನಿಜಾಮರ ಆಳ್ವಿಕೆಯ ಕೊನೆಯವರೆಗೆ ಪಾರ್ಸಿ, ಉರ್ದು ಮಾತುಗಳು ನಮ್ಮ ಕನ್ನಡದೊಳಗೆ ಹೊಕ್ಕು ಮನೆ ಮಾಡಿವೆ. ಕುರಾನಿನ 95ನೇ ಅಧ್ಯಾಯಕ್ಕೆ ಈ ಹಣ್ಣಿನದೇ ಹೆಸರು. ಖಾಲಾ ಅವರ ಅಂಗಳದಲ್ಲಿ ಆ ಮರಕ್ಕಿದ್ದ ಮರ್ಯಾದೆಗೆ ಅದೂ ಒಂದು ಕಾರಣ.

ಆದರೆ ಕುಲ ನೋಡಿದರೆ ಅಂಜೂರ ನಮ್ಮದೇ ಬಳಗ. ಆಲ, ಅರಳಿ, ಅತ್ತಿ, ಬಸರಿ ಎಲ್ಲವೂ ಸಸ್ಯಶಾಸ್ತ್ರದಲ್ಲಿ ಫೈಕಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಅಂಜೂರ ಫೈಕಸ್ ಕ್ಯಾರಿಕಾ, ಅತ್ತಿ ಫೈಕಸ್ ರೆಸಿಮೋಸಾ. ನಮ್ಮ ಜಿಲ್ಲೆಯ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರಜಾ ಕೂಡುವ ಸಂಗಮದಲ್ಲಿ, ಭಕ್ತರು ಔದುಂಬರಕ್ಕೆ ಪ್ರದಕ್ಷಿಣೆ ಹಾಕುತ್ತಾರಲ್ಲ, ಆ ಔದುಂಬರವೇ ಅತ್ತಿ. ಅಂಜೂರ ಅದರ ದಾಯಾದಿ. ಬೇರಿಗೆ ಗಂಟುಹುಳುವಿನ ಕಾಟ ಇರುವ ನೆಲದಲ್ಲಿ ಅತ್ತಿಯ ಬೇರಿನ ಮೇಲೆ ಅಂಜೂರವನ್ನು ಕಸಿ ಕಟ್ಟುವ ಪದ್ಧತಿಯೂ ಇದೆ, ಅತ್ತಿಯ ಬೇರು ಆ ಹುಳುವನ್ನು ತಡೆಯುತ್ತದೆ. ಔದುಂಬರದ ಬೇರು, ಪಾರ್ಸಿ ಹೆಸರಿನ ಟೊಂಗೆ, ಎರಡರಲ್ಲೂ ಹರಿಯುವ ಹಾಲು ಒಂದೇ. ದತ್ತಾತ್ರೇಯರ ಗಾಣಗಾಪುರವನ್ನೂ ಬಂದೇನವಾಜರ ದರ್ಗಾವನ್ನೂ ಮಡಿಲಲ್ಲಿಟ್ಟುಕೊಂಡ ಜಿಲ್ಲೆಗೆ ಈ ಕಸಿ ಹೊಸದೇನಲ್ಲ.

ಕಾಣದ ಹೂವು

ಅತ್ತಿಯ ಹೂ ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹೂ ಇಲ್ಲದೆ ಇಲ್ಲ, ಅದು ಒಳಗಿದೆ. ನಾವು ಕಾಯಿ ಅನ್ನುವುದೇ ಒಂದು ಮುಚ್ಚಿದ ಹೂಗೊಂಚಲು. ಅದರ ಒಳಗೋಡೆಯ ತುಂಬ ನೂರಾರು ಸಣ್ಣ ಹೂಗಳಿರುತ್ತವೆ. ತುದಿಯಲ್ಲಿ ಒಂದು ಕಿರಿದಾದ ಕಂಡಿ ಇರುತ್ತದೆ. ಕಾಡಿನ ಅಂಜೂರದಲ್ಲಿ ಆ ಕಂಡಿಯೊಳಗೆ ಒಂದು ಪುಟ್ಟ ಕಣಜದ ಹುಳು ನುಗ್ಗಿ, ಮೈಗಂಟಿದ ಪರಾಗವನ್ನು ಹೂವಿಗೆ ಮುಟ್ಟಿಸುತ್ತದೆ. ಆ ಹುಳುವಿಗೆ ಬೇರೆ ಮನೆಯಿಲ್ಲ, ಆ ಹೂವಿಗೆ ಬೇರೆ ನೆಂಟರಿಲ್ಲ.

ಈ ಸಂಬಂಧ ತಿಳಿಯದೆ ಅಮೆರಿಕದ ಕ್ಯಾಲಿಫೋರ್ನಿಯಾದ ರೈತರು ವರ್ಷಗಟ್ಟಲೆ ಕಷ್ಟಪಟ್ಟರು. ತುರ್ಕಿಯ ಸ್ಮಿರ್ನಾ ಸೀಮೆಯ ಹೆಸರಾದ ತಳಿಯನ್ನು 1880ರ ದಶಕದಲ್ಲಿ ತರಿಸಿ ನೆಟ್ಟರು. ಮರ ಬೆಳೆಯಿತು, ಕಾಯಿ ಕಚ್ಚಿತು, ಹಣ್ಣಾಗುವ ಮೊದಲೇ ಉದುರಿತು. ಕೊನೆಗೆ 1899ರಲ್ಲಿ ಆ ಹುಳುವನ್ನೇ ತಂದು ನೆಲೆಗೊಳಿಸಿದ ಮೇಲೆ ಹಣ್ಣು ನಿಂತಿತು. ನಮ್ಮಲ್ಲಿ ಬೆಳೆಸುವ ಪೂನಾ, ದಿನಕರ, ಡಯಾನಾ, ಬಳ್ಳಾರಿ ತಳಿಗಳಿಗೆ ಆ ಹುಳು ಬೇಕಿಲ್ಲ. ಪರಾಗ ಮುಟ್ಟದೆಯೇ ಅವು ಹಣ್ಣಾಗುತ್ತವೆ. ಹಣ್ಣಿನೊಳಗಿನ ಹುಳು ಎಂದಾಗ ಇನ್ನೊಂದು ಮಾತು ನೆನಪಾಗುತ್ತದೆ. ಹತ್ತಿರದ ಮಳಖೇಡದ ನೆಲಕ್ಕೆ ಜೈನ ಧರ್ಮದ ದೊಡ್ಡ ಪರಂಪರೆ ಇದೆ. ಆ ಧರ್ಮದಲ್ಲಿ ಐದು ಬಗೆಯ ಉದುಂಬರ ಫಲಗಳನ್ನು ಬಿಡುವುದು ಶ್ರಾವಕರ ಮೂಲಗುಣಗಳಲ್ಲಿ ಸೇರಿದೆ. ಹಣ್ಣಿನೊಳಗಿನ ಜೀವವನ್ನು ಅಷ್ಟು ಹಿಂದೆಯೇ ಗಮನಿಸಿದ ಕಣ್ಣುಗಳು ಅವು. ವ್ರತ ಹಿಡಿದವರ ವ್ರತ ಅವರದು, ಅದಕ್ಕೆ ನನ್ನ ನಮಸ್ಕಾರ. ಉಳಿದವರಿಗೆ ಮಾತ್ರ ಹೇಳುತ್ತೇನೆ: ನಮ್ಮ ಹಿತ್ತಲಿನ ತಳಿಯ ಹಣ್ಣು ಕಣಜದ ಹುಳುವಿಲ್ಲದೆ ಆದದ್ದು.

ಪರಾಗವಿಲ್ಲದೆ ಆದ ಹಣ್ಣಿನ ಬೀಜ ಟೊಳ್ಳು, ಮೊಳೆಯುವುದಿಲ್ಲ. ಹಾಗಾದರೆ ಈ ಮರ ಇಲ್ಲಿಯವರೆಗೆ ಹೇಗೆ ಬಂತು? ಜೋರ್ಡನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಟ್ಟು ಕರಕಲಾದ ಪುಟ್ಟ ಅಂಜೂರಗಳು ಸಿಕ್ಕಿವೆ. ಅವು ಸುಮಾರು 11,400 ವರ್ಷ ಹಳೆಯವು. 2006ರಲ್ಲಿ ಅವುಗಳ ಬಗ್ಗೆ ಬರೆದ ಸಂಶೋಧಕರ ವಾದ ಇದು: ಇವು ಟೊಳ್ಳು ಬೀಜದ ಜಾತಿ, ಅಂದರೆ ಯಾರೋ ಕಡ್ಡಿ ಮುರಿದು ಊರಿ ಬೆಳೆಸಿದವು, ಮನುಷ್ಯ ಗೋಧಿ ಬಿತ್ತುವುದಕ್ಕಿಂತ ಮೊದಲೇ ಈ ಕೆಲಸ ಕಲಿತಿದ್ದ. ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಒಂದು ಮಾತಿನಲ್ಲಿ ಅನುಮಾನವಿಲ್ಲ: ಇಂಥ ತಳಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಯಾರಾದರೂ ಕಡ್ಡಿ ಕೊಡಲೇಬೇಕು, ಯಾರಾದರೂ ಇಸಿದುಕೊಳ್ಳಲೇಬೇಕು. ಕೊಡುವುದು ನಿಂತ ದಿನ ಈ ತಳಿಯ ವಂಶ ಮುಗಿಯುತ್ತದೆ.

ಅದಕ್ಕೇ ಅಂಗಡಿಯಿಂದ ತಂದ ಒಣ ಅಂಜೂರದ ಬೀಜ ಬಿತ್ತಲು ಹೋಗಬೇಡಿ. ಅಂಗಡಿಯ ಹಣ್ಣು ಹೆಚ್ಚಾಗಿ ಅಫ್ಘಾನಿಸ್ತಾನದ್ದು. ಪರಾಗ ಮುಟ್ಟಿದ ಬೀಜವಾದರೆ ಮೊಳೆಯಬಹುದು, ಆದರೂ ಅದು ತಾಯಿಯಂತೆ ಬರುವುದಿಲ್ಲ, ಎಷ್ಟೋ ಸಸಿ ತಿನ್ನಲು ಬಾರದ ಗಂಡು ಮರವಾಗುತ್ತದೆ. ನಾಲ್ಕು ವರ್ಷ ನೀರೆರೆದ ಮೇಲೆ ತಿಳಿಯುವ ನಷ್ಟ ಅದು. ಹಣ್ಣು ತಿಂದು ನೋಡಿದ ಮರದಿಂದಲೇ ಕಡ್ಡಿ ತನ್ನಿ.

ನಮ್ಮ ನೆಲ

ಒಳ್ಳೆಯ ಅಂಜೂರ ಅಂದ ಕೂಡಲೇ ಜನ ಬೇರೆ ಊರುಗಳ ಹೆಸರು ಹೇಳುತ್ತಾರೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ, ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಬಳ್ಳಾರಿ, ಮಹಾರಾಷ್ಟ್ರದ ದೌಲತಾಬಾದ್, ಪುಣೆ ಜಿಲ್ಲೆಯ ಪುರಂದರ. ಪುರಂದರದ ಅಂಜೂರಕ್ಕೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ನಮ್ಮ ಕಲಬುರಗಿ ತೊಗರಿಗೆ ಅದೇ ಮಾನ್ಯತೆ 2019ರಲ್ಲಿ ಬಂತು. ತೊಗರಿ ನಮ್ಮ ಹೊಲದ ಬೆಳೆ. ಅಂಜೂರ ಹಿತ್ತಲಿನ ಬೆಳೆಯಾಗಲು ಏನು ಅಡ್ಡಿ?

ಈ ಮರಕ್ಕೆ ಬೇಕಾದದ್ದು ಒಣಹವೆ, ಬಿಸಿಲು, ಸುಣ್ಣದ ಅಂಶವಿರುವ ಮಣ್ಣು, ನೀರು ನಿಲ್ಲದ ನೆಲ. ಮೊದಲ ಮೂರೂ ನಮ್ಮಲ್ಲಿ ಬೇಡವೆಂದರೂ ಇವೆ. ಶಹಾಬಾದದ ಪರಸಿ ನಮ್ಮ ಮನೆಯೊಳಗೆ ಹಾಸಿದೆ, ಸೇಡಂ, ಚಿತ್ತಾಪುರ, ವಾಡಿ ಕಡೆ ನೆಲದಡಿ ಮೈಲಿಗಟ್ಟಲೆ ಹರಡಿಕೊಂಡಿರುವುದು ಸುಣ್ಣಗಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೇ ಅದಕ್ಕಾಗಿ. ಸುಣ್ಣ ಹೆಚ್ಚಾದರೆ ಎಷ್ಟೋ ಗಿಡ ಬಿಳಚಿಕೊಳ್ಳುತ್ತವೆ, ಅಂಜೂರ ಅಂಥ ನೆಲದಲ್ಲೂ ಬಾಳುತ್ತದೆ.

ಅಡ್ಡಿ ಇರುವುದು ನಾಲ್ಕನೆಯದರಲ್ಲಿ. ಎರೆಮಣ್ಣು ಮಳೆಗೆ ಉಬ್ಬಿ ನೀರು ಹಿಡಿದಿಡುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ನನ್ನ ಮೊದಲ ಸಸಿ ಸತ್ತದ್ದು ಅಲ್ಲೇ. ಚಿಂಚೋಳಿ ಕಡೆಯ ಕೆಮ್ಮಣ್ಣಿನವರಿಗೆ ಈ ತೊಂದರೆ ಕಡಿಮೆ. ಎರೆಯವರು ಹೀಗೆ ಮಾಡಿ: ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬೇಸಿಗೆಯಲ್ಲಿ ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೆ ಅಷ್ಟೇ ಗರಸು, ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದೆರಡು ಕಿಲೋ ಬೇವಿನ ಹಿಂಡಿ ಕಲಸಿ ತುಂಬಿ. ತುಂಬಿದ ಮೇಲೆ ಸುತ್ತಲಿನ ನೆಲಕ್ಕಿಂತ ಒಂದು ಅಡಿ ಎತ್ತರದ ದಿಬ್ಬ ಇರಬೇಕು. ಮಿರಗದ ಮಳೆ ಬಿದ್ದ ಮೇಲೆ ದಿಬ್ಬದ ನೆತ್ತಿಯಲ್ಲಿ ಸಸಿ ಇಡಿ. ಗೋಡೆ, ನೀರಿನ ತೊಟ್ಟಿ, ಶೌಚಾಲಯದ ಗುಂಡಿಯಿಂದ 12 ಅಡಿಯಾದರೂ ದೂರ ಇರಲಿ, ಇದರ ಬೇರು ನೀರಿನ ವಾಸನೆ ಹಿಡಿದು ಹೋಗುತ್ತದೆ. ಬಿಸಿಲು ದಿನಕ್ಕೆ ಆರು ತಾಸಾದರೂ ಬೀಳಬೇಕು.

ಹಿತ್ತಲೇ ಇಲ್ಲದವರು ಬೇಸರಪಡಬೇಕಿಲ್ಲ. ಅರ್ಧ ಕೊಯ್ದ ಡ್ರಮ್ಮಿನ ತಳಕ್ಕೆ ನಾಲ್ಕಾರು ತೂತು ಕೊರೆದು ಇದೇ ಮಿಶ್ರಣ ತುಂಬಿದರೆ ಮಾಳಿಗೆಯ ಮೇಲೂ ಬರುತ್ತದೆ. ಬೇರಿಗೆ ಜಾಗ ಇಕ್ಕಟ್ಟಾದರೂ ಕಾಯಿ ಬಿಡುವ ಮರ ಇದು.

ಕಡ್ಡಿ, ನೀರು, ಚಾಟ್ನಿ

ಕಡ್ಡಿ ಪೆನ್ಸಿಲಿನಷ್ಟು ಅಥವಾ ಕಿರುಬೆರಳಿನಷ್ಟು ದಪ್ಪ, ಒಂದು ಗೇಣು ಉದ್ದ ಇರಲಿ. ನಾಲ್ಕು ಕಣ್ಣಾದರೂ ಇರಬೇಕು. ಹಸಿರು ಚಿಗುರು ಬೇಡ, ಬೂದು ಬಣ್ಣಕ್ಕೆ ತಿರುಗಿದ ಬಲಿತ ಟೊಂಗೆ ಬೇಕು. ಕೆಳತುದಿಯನ್ನು ಕಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಹಾಲು ಆರಲು ಒಂದು ದಿನ ನೆರಳಲ್ಲಿಡಿ. ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲದಲ್ಲಿ ಮುಕ್ಕಾಲು ಭಾಗ ಮುಳುಗುವಂತೆ ಊರಿ, ಒಂದು ಕಣ್ಣು ಹೊರಗಿರಲಿ. ಎಲೆ ಬಂತೆಂದು ಹಿಗ್ಗಿ ಕಿತ್ತು ನೋಡಬೇಡಿ. ಎಲೆ ಮೊದಲು ಬರುತ್ತದೆ, ಬೇರು ಆಮೇಲೆ. ಎರಡು ತಿಂಗಳು ಕಾಯಬೇಕು.

ನೀರಿನ ಲೆಕ್ಕ ಖಾಲಾ ಹೇಳಿದ್ದೇ. ಎಳೆ ಸಸಿಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಅರ್ಧ ಕೊಡ. ಬೆಳೆದ ಮರಕ್ಕೆ ಕಾಯಿ ಇರುವಾಗ ವಾರಕ್ಕೆ ಮೂರು ಕೊಡ. ಬುಡಕ್ಕೆ ತೊಗರಿ ಹೊಟ್ಟು, ಒಣ ಎಲೆ ನಾಲ್ಕು ಬೆರಳು ದಪ್ಪ ಮುಚ್ಚಿದರೆ ಅಷ್ಟು ನೀರೂ ಉಳಿಯುತ್ತದೆ. ಅಕ್ಕಿ ಬೇಳೆ ತೊಳೆದ ನೀರು ಧಾರಾಳವಾಗಿ ಹಾಕಿ. ಬಟ್ಟೆ ಒಗೆದ ಸೋಡಾ ನೀರು ಬೇಡ, ಅದು ಎರೆಯನ್ನು ಕಲ್ಲು ಮಾಡುತ್ತದೆ. ಕಾಯಿ ಬಲಿಯುವಾಗ ಒಂದು ವಾರ ಒಣಗಿಸಿ ಮರುವಾರ ಒಮ್ಮೆಗೇ ಸುರಿದರೆ ಹಣ್ಣು ಬಿರಿಯುತ್ತದೆ. ಕಡಿಮೆ ಇರಲಿ, ಒಂದೇ ಸಮ ಇರಲಿ.

ಈಗ ಚಾಟ್ನಿ, ಅಂದರೆ ಟೊಂಗೆ ಸವರುವುದು. ವಿಜಯಪುರದ ದ್ರಾಕ್ಷಿ ಬೆಳೆಗಾರರ ಬಾಯಲ್ಲಿ ಬಂದ ಮಾತು ಇದು. ಬಹಳ ಮಂದಿ ಎಡವುವುದು ಇಲ್ಲೇ, ಬೆಳೆದ ಟೊಂಗೆ ಕಡಿಯಲು ಮನಸ್ಸು ಬರುವುದಿಲ್ಲ. ಆದರೆ ಅಂಜೂರದ ಕಾಯಿ ಹೊಸ ಚಿಗುರಿನ ಎಲೆಯ ಬುಡದಲ್ಲಿ ಹುಟ್ಟುತ್ತದೆ. ಹೊಸ ಚಿಗುರು ಬೇಕೆಂದರೆ ಹಳೆಯದು ಜಾಗ ಬಿಡಬೇಕು. ಮೊದಲ ವರ್ಷವೇ ಎರಡೂವರೆ ಅಡಿ ಎತ್ತರದಲ್ಲಿ ತುದಿ ಚಿವುಟಿ, ನಾಲ್ಕು ದಿಕ್ಕಿಗೆ ನಾಲ್ಕು ಟೊಂಗೆ ಬಿಡಿ, ನಡು ತೆರೆದ ಬಟ್ಟಲಿನಂತಿರಲಿ. ಮುಂದೆ ಪ್ರತಿವರ್ಷ ಮಳೆ ಹಿಂದೆ ಸರಿದ ಮೇಲೆ, ಮಹಾನವಮಿಯಿಂದ ಸೀಗಿ ಹುಣ್ಣಿಮೆಯೊಳಗೆ, ಆ ವರ್ಷದ ಟೊಂಗೆಗಳನ್ನು ನಾಲ್ಕೈದು ಕಣ್ಣು ಬಿಟ್ಟು ಸವರಿ. ಮಲಗಿದ ಕಣ್ಣಿನ ಮೇಲ್ಗಡೆ ಚಾಕುವಿನಿಂದ ಒಂದು ಸಣ್ಣ ಕಚ್ಚು ಹಾಕಿದರೆ ಅದು ಎಚ್ಚರಾಗುತ್ತದೆ. ಗೊಬ್ಬರ ಕೊಟ್ಟು ನೀರು ಶುರು ಮಾಡಿ. ಮಾಘ ಫಾಲ್ಗುಣದಿಂದ ಹಣ್ಣು ಬರತೊಡಗಿ ವೈಶಾಖದವರೆಗೂ ನಡೆಯುತ್ತದೆ. ಮಳೆಗಾಲದ ಹಣ್ಣು ಹುಳಿ ಮಿಶ್ರಿತ, ನೀರುನೀರು. ಬಿಸಿಲಿನ ಹಣ್ಣೇ ಸಿಹಿ. ಮರಾಠಿ ರೈತರು ಅವೆರಡನ್ನು ಖಟ್ಟಾ ಬಹಾರ, ಮೀಠಾ ಬಹಾರ ಎಂದೇ ಕರೆಯುತ್ತಾರೆ.

ಕಡಿಯುವಾಗ ಎಚ್ಚರ. ಇದರ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ತುಂಬುತೋಳಿನ ಅಂಗಿ ಇರಲಿ, ಕೂಡಲೇ ಸಾಬೂನಿನಿಂದ ತೊಳೆಯಿರಿ, ಮಕ್ಕಳ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ರೋಗ ಬಹಳವಿಲ್ಲ. ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆ ಆರಿಸಿ ಸುಡಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ, 10 ಲೀಟರ್ ನೀರಾಗುವಂತೆ ಕೂಡಿಸಿ ಎಲೆಯ ಅಡಿಗೂ ಸಿಂಪಡಿಸಿ. ಬೊಡ್ಡೆಯಲ್ಲಿ ತೂತು, ಕೆಳಗೆ ಮರದ ಹುಡಿ ಕಂಡರೆ ಒಳಗೆ ಕೊರಕ ಹುಳು ಇದೆ. ತಂತಿ ಹಾಕಿ ಚುಚ್ಚಿ, ಸೀಮೆಎಣ್ಣೆಯ ಹತ್ತಿ ತುರುಕಿ, ಕೆಸರು ಮೆತ್ತಿ. ರಸ್ತೆ ಮತ್ತು ಗಣಿಯ ಧೂಳು ಎಲೆಯ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಮುಂಜಾನೆ ಎಲೆ ತೊಳೆಯಿರಿ.

ಪ್ರಯಾಣ ಮಾಡದ ಹಣ್ಣು

ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಯಾಕೆ ಬೆಳೆಯಬೇಕು ಎಂದು ಕೇಳುವವರಿಗೆ ಈ ಹಣ್ಣೇ ಉತ್ತರ ಕೊಡುತ್ತದೆ. ಮಾವನ್ನು ಕಾಯಿಯಾಗಿ ಕಿತ್ತು ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತದೆ. ಅಂಜೂರ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಮರದಲ್ಲೇ ಮಾಗಿ, ಕುತ್ತಿಗೆ ಬಾಗಿ, ಮುಟ್ಟಿದರೆ ಮೆತ್ತಗಾಗಬೇಕು. ಹಾಗೆ ಮಾಗಿದ್ದು ಒಂದೆರಡು ದಿನ ತಾಳುವುದೂ ಕಷ್ಟ. ಲಾರಿ ಹತ್ತಬೇಕಾದ ಹಣ್ಣನ್ನು ಅರೆಬಲಿತಾಗಲೇ ಕೀಳುತ್ತಾರೆ. ಆದ್ದರಿಂದ ನಿಜವಾದ ಅಂಜೂರದ ರುಚಿ ಗೊತ್ತಿರುವುದು ಮರವಿರುವ ಮನೆಯವರಿಗೆ ಮಾತ್ರ.

ನೆಟ್ಟ ಎರಡನೆಯ ವರ್ಷ ನಾಲ್ಕು ಹಣ್ಣು ರುಚಿಗೆ ಬರುತ್ತವೆ. ಮೂರನೆಯ ವರ್ಷದಿಂದ ಮನೆಗೆ ಸಾಲುವಷ್ಟು. ಹಣ್ಣಿಗೆ ಹಳೆಯ ತೆಳು ಸೀರೆಯ ತುಂಡಿನ ಚೀಲ ಕಟ್ಟಿದರೆ ಹಕ್ಕಿ, ಬಾವಲಿ ಬಿಡುತ್ತವೆ. ನೆತ್ತಿಯ ಮೇಲಿನ ಹಣ್ಣು ಅವಕ್ಕೇ ಇರಲಿ. ಹೆಚ್ಚಾದದ್ದನ್ನು ವೈಶಾಖದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಬಟ್ಟೆ ಹಾಸಿ, ಮೇಲೆ ಜಾಳಿಗೆ ಮುಚ್ಚಿ ಒಣಗಿಸಿ. ಸುಮಾರು 3 ಕಿಲೋ ಹಸಿ ಹಣ್ಣಿಗೆ 1 ಕಿಲೋ ಒಣಹಣ್ಣು. ನಮ್ಮನ್ನು ಬೇಯಿಸುವ ಬಿಸಿಲು ಆ ಒಂದು ತಿಂಗಳು ನಮ್ಮ ಕೆಲಸಕ್ಕೆ ಬರುತ್ತದೆ. 100 ಗ್ರಾಂ ಒಣ ಅಂಜೂರದಲ್ಲಿ ಸುಮಾರು 160 ಮಿಲಿಗ್ರಾಂ ಕ್ಯಾಲ್ಸಿಯಂ, 10 ಗ್ರಾಂ ನಾರು ಇರುತ್ತದೆ. ಬಾಣಂತಿಗೆ, ಬೆಳೆಯುವ ಮಕ್ಕಳಿಗೆ, ಮೊಣಕಾಲು ಹಿಡಿದು ಏಳುವ ಮುದುಕರಿಗೆ ರಾತ್ರಿ ನೆನೆಸಿಟ್ಟ ಎರಡು ಹಣ್ಣು ಒಳ್ಳೆಯ ಆಹಾರ. ಸಕ್ಕರೆ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಿ, ಒಣಗಿದಂತೆ ಇದರ ಸಿಹಿ ಗಟ್ಟಿಯಾಗುತ್ತದೆ.

ಖಾಲಾ ಈಗಿಲ್ಲ. ಅವರ ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಂಗಳದ ಮರವೂ ಹೋಯಿತು. ಕಳೆದ ವರ್ಷ ಅವರ ಮೊಮ್ಮಗಳು ಬಂದು, “ಕಾಕಾ, ನಮ್ಮ ನಾನಿ ಗಿಡದ್ದೊಂದು ಕಡ್ಡಿ ಕೊಡ್ರಿ” ಎಂದು ಕೇಳಿದಳು. ನಮ್ಮ ಗಿಡ ಎಂದು ಅವಳು ಕೇಳಲಿಲ್ಲ, ನಿಮ್ಮ ಗಿಡ ಎಂದೂ ಅನ್ನಲಿಲ್ಲ. ನಾನಿ ಗಿಡ ಅಂದಳು. ಸರಿಯಾಗಿಯೇ ಅಂದಳು. ಕಡ್ಡಿಯಿಂದ ಬಂದ ಮರ ಮಗು ಮರವಲ್ಲ, ಅದೇ ಮರ. ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ಕೊಟ್ಟೆ. ಈಗ ಅವಳ ಮನೆಯಲ್ಲಿ ಅದು ಮೊಣಕಾಲೆತ್ತರ ಬೆಳೆದು ಐದು ಬೆರಳಿನ ಎಲೆ ಬಿಟ್ಟಿದೆ.

ಸೀಗಿ ಹುಣ್ಣಿಮೆ ಹತ್ತಿರ ಬಂದಿದೆ. ನಿನ್ನೆ ನಮ್ಮ ಮರದ ಚಾಟ್ನಿ ಮುಗಿಸಿದೆ. ಇಗೋ, ಈ ಮೇಜಿನ ಕೆಳಗಿನ ಗೋಣಿಚೀಲದಲ್ಲಿ ನಲವತ್ತು ಕಡ್ಡಿ ಇವೆ. ಹಾಲು ಆರಿದೆ. ಮನೆಗೊಂದು ಒಯ್ಯಿರಿ. ಬೆಲೆ ಏನೂ ಇಲ್ಲ, ದತ್ತಿಯ ನಿಯಮವೊಂದೇ ಇದೆ: ಮೂರನೆಯ ವರ್ಷ ಚಾಟ್ನಿ ಮಾಡಿದಾಗ ಎರಡು ಮನೆಗೆ ಕಡ್ಡಿ ಕೊಡಬೇಕು. ಒಯ್ದವರು ಇವತ್ತು ಸಂಜೆಯೇ ಊರಿರಿ. ಕಣ್ಣು ಮೇಲ್ಮುಖವಾಗಿರಲಿ.